ಕೋಳಿಯ ಕಾಲು ತೋಯಿಸುವ ಹೊತ್ತು

ಕೋಳಿಗೆ ಬೆವರು ಬರುವುದಿಲ್ಲ. ಈ ಸಂಗತಿ ನಿಮಗೆ ಮೊದಲೇ ಗೊತ್ತಿದ್ದರೆ ನೀವು ನನಗಿಂತ ಜಾಣರು. ನನಗೆ ಗೊತ್ತಾದದ್ದು ಇಪ್ಪತ್ತೊಂಬತ್ತನೆಯ ವಯಸ್ಸಿನಲ್ಲಿ, ಅದೂ ಅಕ್ಷರ ಬಾರದ ಒಬ್ಬ ಹೆಣ್ಣುಮಗಳು ಹೇಳಿಕೊಟ್ಟ ಮೇಲೆ. ಅಲ್ಲಿಯವರೆಗೆ ಲೋಕದಲ್ಲಿ ಉಸಿರಾಡುವ ಜೀವವೆಲ್ಲ ವೈಶಾಖದಲ್ಲಿ ನನ್ನ ಹಾಗೆಯೇ ಒದ್ದೆಯಾಗಿ, ನನ್ನ ಹಾಗೆಯೇ ಗೊಣಗುತ್ತ, ಹೇಗೋ ಶ್ರಾವಣವನ್ನು ಮುಟ್ಟುತ್ತದೆ ಎಂದು ನಂಬಿಕೊಂಡಿದ್ದೆ. ಕೋಳಿಗೆ ಒರೆಸಿಕೊಳ್ಳಲು ಸೆರಗೂ ಇಲ್ಲ, ಒರೆಸುವುದಕ್ಕೆ ಬೆವರೂ ಇಲ್ಲ. ಧಗೆ ತಡೆಯದಾದಾಗ ಅದು ಕೊಕ್ಕು ತೆರೆದು, ಎರಡೂ ರೆಕ್ಕೆಗಳನ್ನು ಮೈಯಿಂದ ತುಸು ದೂರ ಹಿಡಿದು, ಮೊಣಕೈವರೆಗೆ ಹೊಸ ಬಳೆ ತೊಟ್ಟ ಮದುಮಗಳು ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ನಿಂತ ಹಾಗೆ ನಿಲ್ಲುತ್ತದೆ, ಅಷ್ಟೇ.

ಈ ಹೊತ್ತಿಗೆ ವಿಜಾಪುರದ ನಮ್ಮ ಹಿತ್ತಲಿನಲ್ಲಿ ಹಾಗೆ ನಿಂತಿರುವುದು ನಾಲ್ಕು. ಊರಿಗೆಲ್ಲ ಅಷ್ಟು ದೊಡ್ಡ ಗುಮ್ಮಟವಿದ್ದರೂ ಅದರ ನೆರಳು ನಮ್ಮ ಹಿತ್ತಲಿಗೆ ಒಂದು ದಿನವೂ ಬಿದ್ದಿಲ್ಲ. ಇರುವುದೊಂದು ನುಗ್ಗೆಯ ಗಿಡ, ಅದರ ನೆರಳೋ ಹರಿದ ಸೀರೆಯಂಥದು. ಆದರೂ ಅದು ಇದೆಯಲ್ಲ ಎಂದು ದಿನಕ್ಕೊಮ್ಮೆ ಶಿವನನ್ನು ನೆನೆಯುತ್ತೇನೆ. ನೋಡಿದವರಿಗೆ ನಗು ಬರುತ್ತದೆ. ಕೊರಳಲ್ಲಿ ಲಿಂಗ ಕಟ್ಟಿಕೊಂಡವಳು, ತತ್ತಿಯನ್ನು ಒಡೆದು ಕೂಡ ಅರಿಯದವಳು, ಓಣಿಯ ಬಾಣಂತಿಯರಿಗೆ ತತ್ತಿ ಹಂಚುತ್ತ ಕೋಳಿ ಸಾಕಿಕೊಂಡಿದ್ದಾಳೆಂದರೆ ನಗದೆ ಏನು ಮಾಡಿಯಾರು? ಯಾಕೆ ಸಾಕಿದ್ದೀರಿ ಎಂದು ಕೇಳಿದವರಿಗೆಲ್ಲ ಇಷ್ಟು ವರ್ಷ "ಹಿಂಗ ಸುಮ್ಮನ" ಎಂದು ಹೇಳಿ ದಾಟಿಸಿದ್ದೇನೆ. ಮೊನ್ನೆ ಬಬಲೇಶ್ವರದಿಂದ ಒಂದು ಕಾರ್ಡು ಬಂತು. ಅದು ಬಂದ ಮೇಲೆ ಸುಮ್ಮನೆ ಎನ್ನುವ ಮಾತು ಬಾಯಿಂದ ಸರಿಯಾಗಿ ಹೊರಡುತ್ತಿಲ್ಲ. ಆದ್ದರಿಂದ ನಿಮಗೆ ಹೇಳುತ್ತೇನೆ. ಕೂತುಕೊಳ್ಳಿರಿ, ಬಿಸಿಲಿಳಿಯುವುದಕ್ಕೆ ಇನ್ನೂ ಹೊತ್ತಿದೆ.

ರಾಜ್ಯ ಒಂದಾಗಿ ಎರಡು ವರ್ಷವಾಗಿತ್ತೇನೋ. ನನ್ನ ಯಜಮಾನರು ಆಗ ತಿಕೋಟದಲ್ಲಿ ಸಾಲೆಯ ಮಾಸ್ತರರು. ನಮ್ಮ ಬಾಡಿಗೆ ಮನೆಯ ಹಿತ್ತಲಿಗೂ ತಾಯವ್ವನ ಅಂಗಳಕ್ಕೂ ನಡುವೆ ಎದೆಮಟ್ಟದ ಒಂದು ಮಣ್ಣಿನ ಗೋಡೆ. ಗೋಡೆಯ ಆಚೆ ಒಂದು ಬೇವಿನ ಮರ, ಜೋಳದ ಕಣಿಕೆ ಹೊದಿಸಿದ ಒಂದು ಚಪ್ಪರ, ಏಳು ಕೋಳಿ, ಮತ್ತು ತಾಯವ್ವ. ಗಂಡ ಸತ್ತು ಬಹಳ ದಿನವಾಗಿತ್ತು. ಇದ್ದ ಒಬ್ಬಳೇ ಮಗಳನ್ನು ಬಬಲೇಶ್ವರಕ್ಕೆ ಕೊಟ್ಟಿದ್ದಳು. ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವಳಾದರೂ ಮಾಸ್ತರರ ಹೆಂಡತಿಯೆಂದು ನನ್ನನ್ನೇ "ಅಕ್ಕಾರ" ಎನ್ನುತ್ತಿದ್ದಳು. ಗೋಡೆಯ ಮೇಲಿಂದ ನಮ್ಮ ನಡುವೆ ಮಾತು ದಾಟುತ್ತಿತ್ತು, ಬೇವಿನ ಕಡ್ಡಿ ದಾಟುತ್ತಿತ್ತು, ನಗು ದಾಟುತ್ತಿತ್ತು. ಪಾತ್ರೆ ದಾಟುತ್ತಿರಲಿಲ್ಲ. ಅದು ಆಕೆಗೂ ಗೊತ್ತು, ನನಗೂ ಗೊತ್ತು. ಗೊತ್ತಿರುವುದರಿಂದಲೇ ಸ್ನೇಹ ಸುಖವಾಗಿದೆ ಎಂದು ನಾನು ತಿಳಿದಿದ್ದೆ. ಆಕೆ ಏನು ತಿಳಿದಿದ್ದಳೋ ನಾನು ಕೇಳಲಿಲ್ಲ.

ಆ ಬೇಸಿಗೆಯಲ್ಲಿ ಮಗಳಿಗೆ ಚೊಚ್ಚಲು. ಚೊಚ್ಚಲ ಹೆರಿಗೆ ತವರಿನಲ್ಲಾಗಬೇಕು. ಆದರೆ ಆ ಹುಡುಗಿಗೆ ಕಾಲು ಬಾತು ಬಸ್ಸಿನಲ್ಲಿ ಕೂಡ್ರಿಸುವಂತಿರಲಿಲ್ಲವಾಗಿ, ತವರೇ ಎದ್ದು ಮಗಳ ಮನೆಗೆ ಹೊರಡಬೇಕಾಯಿತು. ತಾಯವ್ವನಿಗೆ ಇದ್ದ ಚಿಂತೆ ಒಂದೇ, ಚಪ್ಪರದ ಮೂಲೆಯಲ್ಲಿ ಬುಟ್ಟಿಯೊಳಗೆ ಹನ್ನೊಂದು ತತ್ತಿಗಳ ಮೇಲೆ ಕಾವಿಗೆ ಕೂತಿದ್ದ ಚುಕ್ಕೆಯ ಕೋಳಿ. ಬಾಣಂತನ ಮುಗಿದ ಮೇಲೆ ಆ ಕೋಳಿಯನ್ನೂ ಅದರ ಮರಿಗಳನ್ನೂ ಮಗಳಿಗೆ ಕೊಡಬೇಕೆಂದು ಆಕೆ ಮನಸ್ಸಿನಲ್ಲಿ ಎಂದೋ ಎತ್ತಿಟ್ಟಿದ್ದಳು. ಅತ್ತೆಯ ಮನೆಯಲ್ಲಿ ಹುಡುಗಿಗೆ ತನ್ನದು ಎನ್ನುವಂಥದು ಒಂದು ಇರಲಿ ಎಂಬುದು ಆ ತಾಯಿಯ ಆಸೆ. ಬಂಗಾರ ಕೊಡಲಾರದವಳು ಕೋಳಿಯನ್ನು ಕೊಡುವವಳಿದ್ದಳು.

ಹೊರಡುವ ಹಿಂದಿನ ದಿನ ಗೋಡೆಯ ಹತ್ತಿರ ಬಂದು ನಿಂತಳು.

"ಅಕ್ಕಾರ, ಒಂದ ಮಾತ ಕೇಳ್ತೀನ್ರಿ. ಬ್ಯಾಡ ಅನಸಿದ್ರ ಬ್ಯಾಡ ಅಂದ ಬಿಡ್ರಿ."

"ಕೇಳ ತಾಯವ್ವಾ."

"ಉಳದ ಆರೂ ತಮ್ಮ ತಾವ ನೆಳ್ಳ ಹುಡಿಕ್ಕೊಂತಾವ್ರಿ. ಅವಕ್ಕ ನೀರ ಇಟ್ರ ಸಾಕು, ನೆಳ್ಳ ಸರದಂಗ ನೀರಿನ ತಟ್ಟಿನೂ ಸರಸಬೇಕು. ಆದ್ರ ಈ ಕಾವಿಗಿ ಕುಂತದ್ದು ಮಳ್ಳ ಐತ್ರಿ. ಸಾಯ್ತೈತಿ ಹೊರತು ಏಳಂಗಿಲ್ಲ. ಮಟಮಟ ಮಧ್ಯಾನದಾಗ ಅದನ್ನ ಎರಡೂ ಕೈಲೆ ಎತ್ತಿ, ಕಾಲ ನೀರಾಗ ಅದ್ದಿ, ನಾಕ ಗುಟುಕ ಕುಡಿಸಿ, ತಿರಗಿ ಕುಂಡ್ರಸಬೇಕ್ರಿ. ಕೋಳಿಗಿ ಬೆವರ ಬರೂದಿಲ್ರಿ. ಅದರ ಧಗಿ ಎಲ್ಲಾ ಕಾಲಿನಿಂದ ಇಳದ ಹೋಗಬೇಕು."

ಆಮೇಲೆ ನನ್ನ ಮುಖ ನೋಡದೆ, ಗೋಡೆಯ ಮಣ್ಣನ್ನು ಉಗುರಿನಿಂದ ಕೆರೆಯುತ್ತ ಕೇಳಿದಳು: "ನೀವು ಲಿಂಗಾ ಕಟ್ಟಿದವರು. ಮುಟ್ಟತೀರ್ಯಾ?"

"ಮುಟ್ಟಿದ್ರ ನನ್ನ ಕೈಯೇನ ಸವದ ಹೊಕ್ಕಾವೇನವಾ? ನೀ ಆರಾಮ ಹೋಗಿ ಬಾ" ಎಂದೆ.

ಎಷ್ಟು ಸಲೀಸಾಗಿ ಹೇಳಿದೆ, ನೋಡಿರಿ. ನಾನು ಭೇದಭಾವವಿಲ್ಲದವಳು ಎಂದು ನನಗೆ ನಾನೇ ಒಂದು ಪ್ರಶಸ್ತಿಪತ್ರ ಬರೆದುಕೊಂಡಿದ್ದೆ; ಅದನ್ನು ಯಾರಿಗಾದರೂ ಓದಿ ತೋರಿಸುವ ಅವಕಾಶ ಸಿಕ್ಕಿತಲ್ಲ ಎಂಬ ಹಿಗ್ಗಿನಲ್ಲಿ ಮಾತು ಕೊಟ್ಟೆ. ಮಾತು ಕೊಡುವುದಕ್ಕೆ ಬಾಯಿ ಸಾಕು. ಕೋಳಿ ಎತ್ತುವುದಕ್ಕೆ ಕೈ ಬೇಕು.

ಮೊದಲನೆಯ ದಿನ ಬುಟ್ಟಿಯ ಮುಂದೆ ಹೋಗಿ ಕುಕ್ಕರಗಾಲಲ್ಲಿ ಕೂತೆ. ಕೈ ಮುಂದೆ ಚಾಚಿದೆ. ಕೋಳಿ ಮೈಯೆಲ್ಲ ಉಬ್ಬಿಸಿ, ಒಂದೇ ಕಣ್ಣಿನಿಂದ ನನ್ನನ್ನು ನೋಡಿತು. ನನ್ನ ಸೋದರತ್ತೆ ನಮ್ಮ ಮನೆಯ ಸಾರನ್ನು ನೋಡುತ್ತಿದ್ದುದು ಹಾಗೆಯೇ. ಕೈ ಹಿಂದೆ ಬಂತು. ಕುಕ್ಕೀತೆಂಬ ಅಂಜಿಕೆಯಿಂದ ಎಂದು ನನಗೆ ನಾನು ಹೇಳಿಕೊಂಡೆ. ಅಂಜಿಕೆಯಾಗಿರಲಿಲ್ಲ. ಮೈಲಿಗೆಯಾದರೆ ಇನ್ನೊಮ್ಮೆ ಸ್ನಾನ ಮಾಡಬೇಕು, ಇನ್ನೊಮ್ಮೆ ಸ್ನಾನಕ್ಕೆ ಇನ್ನೊಂದು ಕೊಡ ನೀರು ಬೇಕು, ಇನ್ನೊಂದು ಕೊಡ ನೀರಿಗೆ ಇನ್ನೊಮ್ಮೆ ಬಾವಿಗೆ ಹೋಗಬೇಕು ಎಂದು ಮನಸ್ಸು ಬಹಳ ಶಿಸ್ತಾಗಿ ಯೋಚಿಸುತ್ತಿತ್ತು. ತೊಗರಿ ಕಟ್ಟಿಗೆಯೊಂದನ್ನು ತಂದು ಮೆಲ್ಲಗೆ ತಿವಿದು ಎಬ್ಬಿಸಲು ನೋಡಿದೆ. ಅದು ಕಟ್ಟಿಗೆಯನ್ನೇ ಕುಕ್ಕಿ ಇನ್ನೂ ಗಟ್ಟಿಯಾಗಿ ಕೂತಿತು.

ಆಗ ನನಗೊಂದು ಉಪಾಯ ಹೊಳೆಯಿತು. ಉಪಾಯ ಹೊಳೆಯುವುದೇ ಕರ್ತವ್ಯದಿಂದ ತಪ್ಪಿಸಿಕೊಳ್ಳಬೇಕಾದಾಗ. ನಮ್ಮ ಕಡೆ ಬೇಸಿಗೆಯಲ್ಲಿ ಈಶ್ವರನ ಗುಡಿಯೊಳಗೆ ಲಿಂಗದ ಮೇಲೆ ತಳಕ್ಕೆ ತೂತಿರುವ ಒಂದು ಪಾತ್ರೆಯನ್ನು ತೂಗುಹಾಕಿ, ಹನಿ ಹನಿಯಾಗಿ ನೀರು ಬೀಳುವಂತೆ ಮಾಡುವುದುಂಟಲ್ಲ, ದೇವರಿಗೆ ಧಗೆಯಾಗಬಾರದೆಂದು? ಹಾಗೆಯೇ ಒಂದು ಹಳೆಯ ಗಡಿಗೆಯ ತಳಕ್ಕೆ ಮೊಳೆಯಿಂದ ತೂತು ಮಾಡಿ, ಅರಿವೆಯ ಬತ್ತಿ ಸೇರಿಸಿ, ಚಪ್ಪರದ ಗಳಕ್ಕೆ ಕಟ್ಟಿದೆ. ತತ್ತಿ ತೋಯಬಾರದೆಂದು ಬುಟ್ಟಿಯ ಮಗ್ಗುಲಿಗೆ ಒಂದು ಗೋಣಿ ತಟ್ಟನ್ನು ಇಳಿಬಿಟ್ಟು, ಹನಿ ಅದರ ಮೇಲೆ ಬೀಳುವಂತೆ ಮಾಡಿದೆ. ಒದ್ದೆ ಗೋಣಿಯ ಮೇಲಿಂದ ಬರುವ ಗಾಳಿ ಎಷ್ಟು ತಂಪಾಗಿತ್ತೆಂದರೆ ಉಳಿದ ಆರೂ ಕೋಳಿಗಳು ಅದರ ಬುಡದಲ್ಲಿ ಬಂದು ಮಲಗಿದವು. ಒಂದು ಗಳಿಗೆ ನನಗೂ ಅಲ್ಲಿಯೇ ಕೂಡ್ರೋಣವೆನಿಸಿತು.

ಸುದ್ದಿ ಬಾವಿಕಟ್ಟೆಗೆ ನನಗಿಂತ ಮೊದಲೇ ಮುಟ್ಟಿತ್ತು. "ಏನ್ರೀ ಅಕ್ಕಾರ, ಈಶ್ವರಗ ಒಂದ ಗಡಿಗಿ, ಕೋಳಿಗಿ ಒಂದ ಗಡಿಗಿ! ನಾಳೆ ಪತ್ರಿನೂ ಏರಸವರೇನು?" ಎಂದು ಹಗ್ಗ ಸೇದುತ್ತಿದ್ದ ಹೆಣ್ಣುಮಗಳೊಬ್ಬಳು ಕೇಳಿದ್ದಕ್ಕೆ ಕಟ್ಟೆಗೆ ಕಟ್ಟೆಯೇ ನಕ್ಕಿತು. ಯಜಮಾನರು ಬಂದು, ಗಡಿಗೆಯನ್ನು ಸುತ್ತ ತಿರುಗಿ ನೋಡಿ, "ಮಂಗಳಾರತಿ ಎಷ್ಟ ಹೊತ್ತಿಗೆ ಹೇಳು, ಸಾಲಿ ಹುಡುಗರನ್ನ ಸಾಲ ಹಚ್ಚಿ ಕರಕೊಂಡ ಬರ್ತೀನಿ" ಎಂದರು. ನಾನೂ ನಕ್ಕೆ. ಒಳಗೊಳಗೆ ಉಬ್ಬಿದೆ. ಎಂಟು ದಿನ ಗಡಿಗೆ ಹನಿಯಿತು, ಎಂಟು ದಿನ ಕೋಳಿ ಬದುಕಿತು. ಮುಟ್ಟದೆಯೇ ಮಾತು ಉಳಿಸಿಕೊಂಡೆನಲ್ಲ ಎಂದು ಎಂಟು ದಿನವೂ ಶಿವನಿಗೆ ಕೈಮುಗಿದೆ.

ಇಲ್ಲಿ ನೀರಿನ ವಿಷಯ ಹೇಳಬೇಕು. ತಿಕೋಟದಲ್ಲಿ ನಮಗೆ ಎರಡು ಬಾವಿ, ಹತ್ತಿರದ್ದು ಸವುಳು ನೀರು, ಉಪ್ಪುಪ್ಪು, ದೂರದ್ದು ಸಿಹಿ. ಸಿಹಿನೀರಿನ ಸರತಿ ಬೇಸಿಗೆಯಲ್ಲಿ ಹತ್ತೂವರೆಗೂ ಬರುತ್ತಿತ್ತು, ಹನ್ನೊಂದಕ್ಕೂ ಬರುತ್ತಿತ್ತು. ತಂದದ್ದು ಕುಡಿಯಲಿಕ್ಕೆ ಮತ್ತು ಪೂಜೆಗೆ. ಗಡಿಗೆಗೆ ಸವುಳು ನೀರು. ದೇವರಿಗೆ ಸಿಹಿ, ಕೋಳಿಗೆ ಸವುಳು ಎಂದು ಹಂಚಿಕೆ ಮಾಡಿದವಳು ನಾನೇ; ಆಗ ಅದರಲ್ಲಿ ತಪ್ಪೇನೂ ಕಾಣಲಿಲ್ಲ. ಸವುಳು ನೀರು ಆರಿದಲ್ಲೆಲ್ಲ ಬೆಳ್ಳಗೆ ಉಪ್ಪು ಕಟ್ಟುತ್ತದೆಂಬುದು ತಂಬಿಗೆ ಬೆಳಗುವ ಪ್ರತಿಯೊಬ್ಬ ಹೆಂಗಸಿಗೂ ಗೊತ್ತು. ಬತ್ತಿಗೂ ಕಟ್ಟೀತೆಂಬುದು ಮಾತ್ರ ನನಗೆ ಹೊಳೆಯಲಿಲ್ಲ.

ಒಂಬತ್ತನೆಯ ದಿನ ಸೋಮವಾರ. ಸಿಹಿನೀರು ಸಿಕ್ಕು, ಸ್ನಾನವಾಗಿ, ಮಡಿಯುಟ್ಟು ಪೂಜೆಗೆ ಕೂಡ್ರುವ ಹೊತ್ತಿಗೆ ಸೂರ್ಯ ನೆತ್ತಿಯ ಮೇಲೆ. ಹೊರಗೆ ಒಲೆಯ ಬಾಯಿಂದ ಬಂದಂಥ ಗಾಳಿ. ನಮ್ಮ ಪೂಜೆ ನಿಮಗೆ ಗೊತ್ತಿರಬಹುದು. ಲಿಂಗವನ್ನು ಎಡಗೈಯ ಅಂಗೈಯಲ್ಲಿಟ್ಟು, ನೀರೆರೆದು, ಪತ್ರಿ ಏರಿಸಿ, ದೃಷ್ಟಿಯಿಟ್ಟು ಜಪ ಮಾಡುವುದು. ಅಂಗೈಯಲ್ಲಿ ಲಿಂಗವಿರುವಾಗ ಏಳಬಾರದು, ಮಾತಾಡಬಾರದು ಎಂದು ತವರಿನಲ್ಲಿ ಗುರುಗಳು ಹೇಳಿಕೊಟ್ಟಿದ್ದರು. ಸೋಮವಾರವೆಂದರೆ ನನಗೆ ಐದು ಮಾಲೆ ಜಪ.

ಮೂರನೆಯ ಮಾಲೆಯಲ್ಲಿದ್ದಾಗ ಗೋಡೆಯಾಚೆಯಿಂದ ಸದ್ದು ಬಂತು. ಕೂಗಲ್ಲ, ಒಣಗಿದ ಗಂಟಲಿನಿಂದ ಬರುವ ಗೊರಗೊರ ಸದ್ದು, ನಡುನಡುವೆ ತಡೆದು ತಡೆದು. ಅದು ಏನೆಂದು ನನಗೆ ಆ ಕ್ಷಣವೇ ತಿಳಿಯಿತು. ತಿಳಿಯಲಿಲ್ಲವೆಂದು ಈವರೆಗೆ ಎಷ್ಟೋ ಸಲ ನನ್ನನ್ನು ನಂಬಿಸಲು ನೋಡಿದ್ದೇನೆ, ನಂಬಿಕೆ ಬಂದಿಲ್ಲ. ತಿಳಿದೂ ಕೂತೆ. ಮುಗಿಸಿ ಹೋದರಾಯಿತು ಎಂದುಕೊಂಡೆ. ಅಷ್ಟರಲ್ಲಿ ಎಣಿಕೆ ತಪ್ಪಿತು. ಮನಸ್ಸು ಕೋಳಿಯ ಕಡೆ ಹೋಗಿ ಜಪ ಕೆಟ್ಟಿತಲ್ಲ, ಕೆಟ್ಟ ಜಪ ಸಲ್ಲುವುದಿಲ್ಲವಲ್ಲ ಎಂದು, ಓದುಗರೆ, ನಾನು ಮೊದಲನೆಯ ಮಾಲೆಯ ಮೊದಲನೆಯ ಮಣಿಯಿಂದ ಮತ್ತೆ ಶುರುಮಾಡಿದೆ.

ಎರಡನೆಯ ಸಲ ಎಣಿಕೆ ತಪ್ಪಲಿಲ್ಲ. ಆ ಹೊತ್ತಿಗೆ ಸದ್ದು ನಿಂತಿತ್ತು.

ಗೋಡೆ ಸುತ್ತಿ ಹೋದಾಗ ಬತ್ತಿಯ ತುದಿಯಲ್ಲಿ ಬೆಳ್ಳನೆಯ ಉಪ್ಪಿನ ಗಂಟು. ಗಡಿಗೆಯಲ್ಲಿ ಅರ್ಧಕ್ಕೆ ನೀರಿದ್ದೂ ಹನಿಯುತ್ತಿರಲಿಲ್ಲ. ಗೋಣಿ ಹಪ್ಪಳದಂತೆ ಒಣಗಿತ್ತು. ಕೋಳಿ ಬುಟ್ಟಿಯಿಂದ ಎದ್ದಿರಲಿಲ್ಲ. ಎರಡೂ ರೆಕ್ಕೆಗಳನ್ನು ತತ್ತಿಗಳ ಮೇಲೆ ಅಗಲಿಸಿ, ಕೊಕ್ಕು ತೆರೆದುಕೊಂಡು, ಕೂತಲ್ಲಿಯೇ ಹೋಗಿತ್ತು. ತನಗೆ ಒಪ್ಪಿಸಿದ್ದನ್ನು ಅದು ಕಡೆತನಕ ಬಿಟ್ಟೇಳಲಿಲ್ಲ. ನಾನೂ ಬಿಟ್ಟೇಳಲಿಲ್ಲ, ಆದರೆ ನನ್ನ ಅಂಗೈಯಲ್ಲಿದ್ದವನಿಗೆ ಧಗೆಯಿರಲಿಲ್ಲ. ಅರೆಗಳಿಗೆ ಅವನನ್ನು ಕೊರಳಿಗೆ ಕಟ್ಟಿಕೊಂಡು ಎದ್ದಿದ್ದರೆ ಅವನು ಮುನಿಯುತ್ತಿದ್ದನೇ? ಇಷ್ಟು ವರ್ಷ ಬೆಳಿಗ್ಗೆ ಬೆಳಿಗ್ಗೆ ಅವನನ್ನೇ ಕೇಳುತ್ತಿದ್ದೇನೆ. ಆಗ ಎರಡೂ ಕೈಯಿಂದ ಕೋಳಿಯನ್ನು ಎತ್ತಿದೆ. ಹಗುರಾಗಿತ್ತು. ಜೀವವಿದ್ದಾಗ ಮುಟ್ಟಲಾರದವಳು ಜೀವ ಹೋದ ಮೇಲೆ ಮುಟ್ಟಿದೆ. ಕಾಲು ಹಿಡಿದರೆ ಸುಡುತ್ತಿತ್ತು.

ಕಾವು ತಪ್ಪಿದ ತತ್ತಿಗಳೂ ಕೆಟ್ಟವು. ಉಳಿದ ಆರು ಕೋಳಿ ಬದುಕಿದ್ದವು. ಅದನ್ನು ದೇವರ ದಯೆ ಎಂದೆ. ದಯೆಯನ್ನು ಎಣಿಸುವುದರಲ್ಲಿ ನಾನು ಎಂದೂ ಎಣಿಕೆ ತಪ್ಪಿದವಳಲ್ಲ.

ತಾಯವ್ವ ಕೆಲವು ದಿನಗಳ ಮೇಲೆ ಬಂದಳು. ಹೆಣ್ಣುಕೂಸು, ತಾಯಿ ಮಗು ಆರಾಮ ಎಂದು ರಸ್ತೆಯಿಂದಲೇ ಕೂಗಿ ಹೇಳುತ್ತ ಬಂದವಳು, ಚಪ್ಪರದೊಳಗೆ ಹೋಗಿ ಖಾಲಿ ಬುಟ್ಟಿಯ ಮುಂದೆ ನಿಂತಳು. ನಾನು ಗೋಡೆಯ ಹತ್ತಿರ ನಿಂತಿದ್ದೆ.

"ಯಾವತ್ತ ಹೋತ್ರಿ?"

"ಸೋಮವಾರ."

ಗಡಿಗೆಯ ಕಡೆ ನೋಡಿದಳು, ಗೋಣಿಯ ಕಡೆ ನೋಡಿದಳು. "ಇದೆಲ್ಲಾ ಕಟ್ಟೀರಿ... ಕಾಲ ಅದ್ದಿದ್ರಿ?"

"ಹೂಂ ತಾಯವ್ವಾ. ದಿನಾ ಅದ್ದಿದ್ದೆ" ಎಂದೆ.

ಸುಳ್ಳು ಹೇಳಬೇಕೆಂದು ಯೋಚಿಸಿದವಳಲ್ಲ. ಸೆರಗು ಜಾರಿದರೆ ಕೈ ತಾನೇ ಮೇಲೆ ಹೋಗಿ ಸರಿಪಡಿಸಿಕೊಳ್ಳುತ್ತದಲ್ಲ, ಹಾಗೆ ನಾಲಿಗೆ ತಾನೇ ಹೋಗಿ ನನ್ನನ್ನು ಮುಚ್ಚಿತು. ಬೈದಿದ್ದರೆ ಬಹುಶಃ ನಿಜ ಹೇಳಿಬಿಡುತ್ತಿದ್ದೆ. ಆಕೆ ಬೈಯಲಿಲ್ಲ. ಗೋಡೆಯ ಮೇಲಿಂದ ಕೈ ಚಾಚಿ ನನ್ನ ಎರಡೂ ಕೈಗಳನ್ನು ಹಿಡಿದು ತನ್ನ ಕಣ್ಣಿಗೆ ಒತ್ತಿಕೊಂಡಳು.

"ಹೋಗವಲ್ದ್ಯಾಕ ಬಿಡ್ರಿ ಅಕ್ಕಾರ, ಅದರ ಋಣಾ ಅಷ್ಟ ಇತ್ತು. ಲಿಂಗಾ ಹಿಡಿಯೂ ಕೈಲೆ ನನ್ನ ಕೋಳಿ ಎತ್ತೀರಿ. ಯಾರ ಎತ್ತತಾರ್ರಿ ಹಿಂಗ?"

ಅಂದಿನಿಂದ ನನಗೆ ಹೊಗಳಿಕೆಯೆಂದರೆ ಭಯ.

ಮಳೆಗಾಲದಲ್ಲಿ ಯಜಮಾನರಿಗೆ ವಿಜಾಪುರಕ್ಕೆ ವರ್ಗವಾಯಿತು. ಬಸ್ಸು ಹತ್ತುವಾಗ ತಾಯವ್ವ ಏದುತ್ತ ಬಂದು, ಅರಿವೆ ಕಟ್ಟಿದ ಒಂದು ಬುಟ್ಟಿಯನ್ನು ನನ್ನ ತೊಡೆಯ ಮೇಲಿಟ್ಟಳು. ಒಳಗಿನಿಂದ ಕಿಚಿಕಿಚಿ. "ಇನ್ನೊಂದು ಕೋಳಿ ಮರಿ ಮಾಡೇತ್ರಿ. ಮಗಳಿಗೆರಡು, ನಿಮಗೆರಡು. ಬ್ಯಾರೇದವರಿಗೆ ಆಗಿದ್ರ ಕೊಡ್ತಿದ್ದಿಲ್ಲ. ನೀವು ಮುಟ್ಟವರು ಅಂತ ಕೊಡಾಕತ್ತೇನಿ." ಕಂಡಕ್ಟರು ಬುಟ್ಟಿ ನೋಡಿ, ನನ್ನ ಹಣೆಯ ವಿಭೂತಿ ನೋಡಿ, ಬಾಯಿಗೆ ಬಂದದ್ದನ್ನು ನುಂಗಿಕೊಂಡ. ಯಜಮಾನರು ಕಿಟಕಿಯ ಕಡೆ ಮುಖ ತಿರುಗಿಸಿ ಊರು ದಾಟುವವರೆಗೆ ನಗುತ್ತಿದ್ದರು. ನಾನು ನಗಲಿಲ್ಲ. ಬೇಡವೆನ್ನಬೇಕಾದರೆ ಯಾಕೆ ಬೇಡವೆಂದು ಹೇಳಬೇಕಿತ್ತು. ಹೇಳದೆ ಇರಬೇಕಾದರೆ ತೆಗೆದುಕೊಳ್ಳಬೇಕಿತ್ತು. ತೆಗೆದುಕೊಂಡೆ.

ನಮ್ಮ ಹಿತ್ತಲಿಗೆ ಕೋಳಿ ಬಂದದ್ದು ಹೀಗೆ. ಬಂದ ಮೇಲೆ ಮುಟ್ಟದಿರಲು ಯಾವ ನೆಪವೂ ಉಳಿಯಲಿಲ್ಲ. ಮೊದಲ ಬೇಸಿಗೆಯಲ್ಲಿ ಕಣ್ಣುಮುಚ್ಚಿ ಎತ್ತಿದೆ, ಎರಡನೆಯದರಲ್ಲಿ ಕಣ್ಣು ತೆರೆದು. ಈಗ ಹೂ ಬಿಡಿಸಿದಷ್ಟು ಸಹಜ. ಮಧ್ಯಾಹ್ನ ಹನ್ನೆರಡಕ್ಕೆ ಒಂದೊಂದನ್ನೇ ಎತ್ತಿ, ಕಾಲನ್ನು ನೀರಿನಲ್ಲಿ ಹಿಡಿಯುತ್ತೇನೆ. ಸ್ವಲ್ಪ ಒದ್ದಾಡುತ್ತದೆ, ಆಮೇಲೆ ತಂಪು ಮೇಲೇರಿದ ಹಾಗೆ ತೆರೆದ ಕೊಕ್ಕು ಮೆಲ್ಲಗೆ ಮುಚ್ಚಿಕೊಳ್ಳುತ್ತದೆ. ಆ ಕೊಕ್ಕು ಮುಚ್ಚುವುದನ್ನು ನೋಡಿದಾಗಲೆಲ್ಲ, ಇಷ್ಟೇ ಕೆಲಸವಾಗಿತ್ತಲ್ಲ ಎನಿಸುತ್ತದೆ. ಇದಕ್ಕೆ ಸಿಹಿನೀರನ್ನೇ ಬಳಸುತ್ತೇನೆ.

ನಾಲ್ಕು ವರ್ಷದ ಮೇಲೆ ಒಮ್ಮೆ ಧೈರ್ಯ ಮಾಡಿ, ನಿಜ ಹೇಳಿಬರಬೇಕೆಂದೇ ಬಬಲೇಶ್ವರದ ಬಸ್ಸು ಹತ್ತಿದೆ. ತಾಯವ್ವ ಅಷ್ಟರಲ್ಲಿ ತಿಕೋಟ ಬಿಟ್ಟು ಮಗಳ ಮನೆಗೇ ಬಂದಿದ್ದಳು. ಹೋದೊಡನೆ ಓಣಿಯ ಹೆಣ್ಣುಮಕ್ಕಳನ್ನೆಲ್ಲ ಕೂಗಿ ಕರೆದಳು. "ನಾ ಹೇಳ್ತಿದ್ದೆನಲ್ಲ, ನನ್ನ ಕೋಳಿ ಎತ್ತಿ ಕಾಲ ಅದ್ದಿದ ಅಕ್ಕಾರು, ಇವರ ನೋಡ್ರವಾ!" ಹತ್ತು ಜೊತೆ ಕಣ್ಣು ನನ್ನ ಕೈಗಳನ್ನು ನೋಡಿದವು. ಬೆಲ್ಲದ ಚಹಾ ತಂದುಕೊಟ್ಟಳು, ತನ್ನ ಮನೆಯ ಬಟ್ಟಲಿನಲ್ಲಿ. ಕುಡಿದೆ. ಹೇಳಬೇಕೆಂದು ತಂದ ಮಾತೂ ಆ ಚಹಾದ ಜೊತೆ ಒಳಗೆ ಹೋಯಿತು. ಆ ಬೇಸಿಗೆ ಹುಟ್ಟಿದ ಕೂಸು ಬಾಗಿಲಲ್ಲಿ ನಿಂತು, ಬೆರಳು ಚೀಪುತ್ತ, ನನ್ನನ್ನೇ ನೋಡುತ್ತಿತ್ತು.

ಆ ಕೂಸು ಈಗ ನಾಲ್ಕನೆಯ ಇಯತ್ತೆ. ಮೊನ್ನೆ ಬಂದ ಕಾರ್ಡು, ತಾನು ಆಯಿ ಎಂದು ಕರೆಯುವ ಅಜ್ಜಿ ತಾಯವ್ವ ಹೇಳಿದಂತೆ, ಅದು ಬರೆದದ್ದು. ದುಂಡನೆಯ ಅಕ್ಷರ, ಸಾಲು ಮಾತ್ರ ಬಂಡಿಯ ಜಾಡಿನ ಹಾಗೆ ಇಳಿಯುತ್ತ ಹೋಗಿದೆ. "ಇಲ್ಲಿ ಬಿಸಿಲು ಬಹಳ ಇದೆ. ಆಯಿಗೆ ಕಣ್ಣು ಮಸುಕಾಗಿವೆ. ಕೋಳಿಯ ಕಾಲು ಅದ್ದುವುದು ಮರೆಯಬೇಡಿರಿ ಎಂದು ಹೇಳಿದ್ದಾಳೆ. ನಿಮಗೆ ಹೇಳುವುದೇನೂ ಬೇಕಿಲ್ಲ, ಆದರೂ ಬರೆ ಎಂದಳು."

ನಿಮಗೆ ಹೇಳುವುದೇನೂ ಬೇಕಿಲ್ಲ! ಅದಕ್ಕೆ ಮಾರುತ್ತರ ಬರೆಯಲು ಕೂತವಳು ಇಷ್ಟು ದೂರ ಬಂದೆ. ಕಾರ್ಡಿನಲ್ಲಿ ಹಿಡಿಯುವ ಮಾತಲ್ಲ ಇದು. ತಾಯವ್ವನಿಗೆ ಓದು ಬಾರದು ಎನ್ನುವ ಧೈರ್ಯದಿಂದಲೇ ಮೊದಲು ಬರೆಯತೊಡಗಿದೆ ಎಂದರೆ ನೀವು ನಂಬಬೇಕು. ಕೇಳಬೇಕಾದವರ ಕಿವಿ ತಪ್ಪಿಸಿ ಊರಿಗೆಲ್ಲ ತಪ್ಪೊಪ್ಪಿಕೊಳ್ಳುವುದು ಬಲು ಅಗ್ಗದ ಭಕ್ತಿ. ಆದರೆ ಮನೆಯಲ್ಲಿ ಓದಬಲ್ಲ ಒಂದು ಕೂಸು ಇದೆ, ನೋಡಿರಿ. ಆ ಹುಡುಗಿ ಹುಟ್ಟಿದ ಹೊತ್ತಿನಲ್ಲಿ ನಾನು ಮಾಡಿದ್ದನ್ನು ಅವಳ ಬಾಯಿಂದಲೇ ಆಯಿ ಕೇಳಲಿ. ಈ ಕಾಗದಗಳನ್ನು ಮಡಚಿ, ನಾಳೆಯ ಬಸ್ಸಿಗೆ ನಾನೇ ಒಯ್ದು ಕೊಡುತ್ತೇನೆ. ಓದುವಾಗ ಎದುರಿಗೇ ಕೂತಿರುತ್ತೇನೆ. ಏಳುವುದಿಲ್ಲ.

ಹನ್ನೆರಡಾಯಿತು. ಹಿತ್ತಲಿನಲ್ಲಿ ನಾಲ್ಕೂ ಕೊಕ್ಕು ತೆರೆದು ನಿಂತಿವೆ. ಬೆಳಗಿನ ಜಪದಲ್ಲಿ ಒಂದು ಮಾಲೆ ಇನ್ನೂ ಉಳಿದಿದೆ, ಅದು ಕಾಯುತ್ತದೆ. ಕೋಳಿಗೆ ಬೆವರು ಬರುವುದಿಲ್ಲ. ಇದನ್ನು ಬರೆಯುವಾಗ ನನ್ನ ಅಂಗೈ ಬೆವರಿ ಎರಡು ಮೂರು ಕಡೆ ಮಸಿ ಕಲಸಿದೆ. ಅಲ್ಲಿ ಹುಡುಗಿ ತಡವರಿಸಿದರೆ ತಾಯವ್ವ ಅವಳನ್ನು ಬೈಯಬಾರದು.